ಕೊಂಬಿನ ಗೂಬೆಯನ್ನು ದನಿಯಿಂದ ಎಣಿಸುವ ಬಗೆ: ಕೊಪ್ಪಳ, ರಾಯಚೂರಿನ ಕಲ್ಲುಗುಡ್ಡಗಳಿಗೊಂದು ಮಾರ್ಗದರ್ಶಿ

ಗುಡ್ಡದ ಈ ಮಗ್ಗುಲಲ್ಲಿ ಒಂದು ಕೂಗು, ಹತ್ತು ನಿಮಿಷ ಬಿಟ್ಟು ಆ ಮಗ್ಗುಲಲ್ಲಿ ಇನ್ನೊಂದು. ಗೂಬೆ ಎರಡೋ, ಒಂದೇ ಹಾರಿಹೋಗಿ ಕೂತದ್ದೋ? ಸಾಮಾನ್ಯ ಸಮೀಕ್ಷೆಯಲ್ಲಿ ಇದನ್ನು ಪಟ್ಟಿ ಬರೆಯುವವರ ಅಂದಾಜಿಗೆ ಬಿಟ್ಟಿರುತ್ತಾರೆ. ಹಾಗಾಗಿ ಒಂದೇ ಗುಡ್ಡಸಾಲಿಗೆ ಇಬ್ಬರು ಹೋಗಿಬಂದರೆ ಎರಡು ಲೆಕ್ಕ ಬರುತ್ತದೆ. ಕೂಗನ್ನು ಮುದ್ರಿಸಿಕೊಂಡು ಅಳೆದರೆ ಈ ಅನುಮಾನ ಬಹುಮಟ್ಟಿಗೆ ಬಗೆಹರಿಯುತ್ತದೆ. ಜೊಂಡಿನೊಳಗೆ ಅಡಗಿರುವ ಬಿಟರ್ನ್ ಹಕ್ಕಿಯನ್ನು, ಹುಲ್ಲಿನಲ್ಲಿ ಅವಿತಿರುವ ಕಾರ್ನ್‌ಕ್ರೇಕ್ ಹಕ್ಕಿಯನ್ನು ಬ್ರಿಟನ್ನಿನವರು 1990ರ ದಶಕದಲ್ಲೇ ದನಿಯಿಂದ ಒಂದೊಂದಾಗಿ ಗುರುತಿಸಿದ್ದರು. ನಮ್ಮ ಕಡೆ ಈ ಕೆಲಸಕ್ಕೆ ಒಗ್ಗುವ ಹಕ್ಕಿ ಕೊಂಬಿನ ಗೂಬೆ (ಇಂಡಿಯನ್ ಈಗಲ್ ಔಲ್).

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಒಂದೇ ಸಂಜೆ ಕೂಗಿದ ಎರಡು ಗೂಬೆಗಳನ್ನು ಬೇರೆ ಬೇರೆ ಎನ್ನುವುದು ಸುಲಭ. ಹದಿನೈದು ದಿನ ಬಿಟ್ಟು ಬಂದು ‘ಇದು ಅವತ್ತಿನದೇ’ ಎನ್ನುವುದು ಕಷ್ಟ. ಎಣಿಕೆ ನಿಂತಿರುವುದು ಈ ಎರಡನೆಯದರ ಮೇಲೆ. ಕೆಳಗಿನ ಹಂತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕಾಗಿಯೇ ಇವೆ.

ಯಾವ ಹಕ್ಕಿ, ಯಾವ ಕೂಗು

ಹಾಡುಹಕ್ಕಿಗಳು ದನಿಯನ್ನು ಕೇಳಿ ಕಲಿಯುತ್ತವೆ, ಹತ್ತಾರು ಬಗೆಯಲ್ಲಿ ಹಾಡುತ್ತವೆ, ನೆರೆಯ ಹಕ್ಕಿಯ ಹಾಡನ್ನು ಎತ್ತಿಕೊಳ್ಳುತ್ತವೆ. ಕಲ್ಲುಗುಡ್ಡಗಳ ಹೆಮ್ಮೆಯಾದ ಹಳದಿ ಕತ್ತಿನ ಪಿಕಳಾರವನ್ನು ಎಣಿಸಲು ಈ ವಿಧಾನ ಹಿಡಿಯಬೇಡಿ, ಸೋಲುತ್ತೀರಿ. ಗೂಬೆಗಳ ಕೂಗು ಕಲಿತದ್ದಲ್ಲ. ಗಂಟಲಿನ ರಚನೆ, ಮೈಯ ಗಾತ್ರ ಹೇಗಿದೆಯೋ ದನಿಯೂ ಹಾಗೆ. ಬಗೆಗಳು ಕಡಿಮೆ, ಒಂದೇ ಕೂಗನ್ನು ಮತ್ತೆ ಮತ್ತೆ ಕೂಗುತ್ತವೆ, ಒಂದು ಎಲ್ಲೆ ಹಿಡಿದು ಕೂರುತ್ತವೆ. ಸಿರುಗುಪ್ಪ ಸೀಮೆಯ ಹೆಬ್ಬಕದ (ಗ್ರೇಟ್ ಇಂಡಿಯನ್ ಬಸ್ಟರ್ಡ್) ದನಿಯೂ ತಗ್ಗಿನದೇ. ಆದರೆ ಬೆರಳೆಣಿಕೆಯಷ್ಟೇ ಉಳಿದಿರುವ ಆ ಹಕ್ಕಿಯ ಹಿಂದೆ ಮೈಕ್ ಹಿಡಿದು ಹೋಗುವುದು ಹವ್ಯಾಸಿಗಳ ಕೆಲಸವಲ್ಲ.

ಕೊಂಬಿನ ಗೂಬೆಯ ಉದ್ದ ಕೂಗನ್ನು ಮಾತ್ರ ತೆಗೆದುಕೊಳ್ಳಿ: ‘ಬು-ಬೂಊ’. ಮೊದಲ ಸ್ವರ ಚಿಕ್ಕದು, ಎರಡನೆಯದು ಎಳೆದದ್ದು ಮತ್ತು ಒತ್ತಿನದು. ಕೆಲವು ನೂರು ಹರ್ಟ್ಸ್‌ನ ತಗ್ಗಿದ ದನಿ ಅದು. ಗೂಡಿನ ಹತ್ತಿರ ಸಿಟ್ಟಿನಿಂದ ಬುಸುಗುಡುವುದು, ಕೊಕ್ಕು ಕಟಕಟಿಸುವುದು, ಮರಿಗಳು ಊಟಕ್ಕೆ ಚೀರುವುದು, ಇವ್ಯಾವುವೂ ಲೆಕ್ಕಕ್ಕೆ ಬೇಡ. ಜೋಡಿ ಸರದಿಯಂತೆ ಕೂಗುವಾಗ ಹೆಣ್ಣಿನ ದನಿ ಗಂಡಿನದಕ್ಕಿಂತ ಸ್ವಲ್ಪ ಏರಿರುತ್ತದೆ. ಗಂಡು, ಹೆಣ್ಣುಗಳನ್ನು ಒಂದೇ ಪಟ್ಟಿಯಲ್ಲಿ ಬೆರೆಸಿದರೆ ಮುಂದಿನ ವಿಶ್ಲೇಷಣೆ ‘ಬಹಳ ಚೆನ್ನಾಗಿ ಬೇರ್ಪಡಿಸಿತು’ ಎಂದು ತೋರಿಸುತ್ತದೆ. ಅದು ಬೇರ್ಪಡಿಸಿದ್ದು ಗಂಡು ಹೆಣ್ಣನ್ನು, ಗೂಬೆಗಳನ್ನಲ್ಲ. ತುಂಗಭದ್ರೆಯ ದಂಡೆಗೆ ಹತ್ತಿರವಿದ್ದರೆ ಮೀನುಗೂಬೆಯೂ ಕೇಳಿಸುತ್ತದೆ. ಅದರದು ಸಾಮಾನ್ಯವಾಗಿ ಮೂರು ಸ್ವರದ ಕೂಗು, ಎರಡನೆಯ ಸ್ವರದ ಆ ಎಳೆತ ಇರುವುದಿಲ್ಲ.

ಕಾಲ, ಜಾಗ

ಕೊಂಬಿನ ಗೂಬೆಯ ಸಂತಾನ ಕಾಲ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ನೆಲದ ಮೇಲೋ ಬಂಡೆಯ ಅಂಚಿನ ಮಣ್ಣಿನಲ್ಲೋ ಮೊಟ್ಟೆ ಇಡುತ್ತದೆ, ಗೂಡು ಕಟ್ಟುವುದಿಲ್ಲ. ಮುದ್ರಣಕ್ಕೆ ಡಿಸೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಕೂಗು ಹೆಚ್ಚಿರುತ್ತದೆ, ಗಾಳಿ ಕಡಿಮೆ ಇರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕುಷ್ಟಗಿ, ಯಲಬುರ್ಗಾ ಕಡೆ ಬೀಸುವ ಗಾಳಿಗೆ ಯಾವ ಮೈಕೂ ತಡೆಯದು. ಆ ಸೀಮೆಯಲ್ಲಿ ವಿಂಡ್‌ಮಿಲ್ ಸಾಲು ನಿಂತಿರುವುದೇ ಆ ಗಾಳಿಯನ್ನು ನಂಬಿ.

ಆನೆಗೊಂದಿ, ಗಂಗಾವತಿ, ಕನಕಗಿರಿ, ಮಸ್ಕಿ, ಮುದಗಲ್, ಎಲ್ಲೆಡೆ ಬಂಡೆ ಮೇಲೆ ಬಂಡೆ ಕೂತ ಗುಡ್ಡಗಳು, ಸುತ್ತ ಹೊಲ. ಗೂಬೆಗೆ ಹಗಲು ಅಡಗಲು ಬಂಡೆಯ ಸಂದು, ರಾತ್ರಿ ಇಲಿ ಹಿಡಿಯಲು ಹೊಲ. ನಕ್ಷೆ ತೆಗೆದುಕೊಂಡು ಪ್ರತಿ ಗುಡ್ಡಕ್ಕೂ ಒಂದು ಸಂಖ್ಯೆ ಕೊಡಿ. ಯಾವ ಗುಡ್ಡದಿಂದ ಶುರು ಮಾಡಬೇಕೆಂದು ತಿಳಿಯಲು ಕುರಿ ಕಾಯುವವರನ್ನು ಕೇಳುವಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ‘ಕಾಕಾ, ಸಂಜಿ ಮುಂದ ಯಾವ ಗುಡ್ಡದಾಗ ಗೂಬಿ ಕೂಗ್ತೈತ್ರಿ?’ ಎಂದರೆ ಬಂಡೆಯನ್ನೇ ಬೆರಳು ಮಾಡಿ ತೋರಿಸುತ್ತಾರೆ. ಎರಡು ಗೂಬೆ ಎಂದರೂ ಅದನ್ನು ಎಣಿಕೆಗೆ ಸೇರಿಸಬೇಡಿ, ಜಾಗ ಹುಡುಕಲು ಮಾತ್ರ ಬಳಸಿ.

ತಾರೀಖು ಗೊತ್ತು ಮಾಡುವ ಮುಂಚೆ ಜಾತ್ರೆಗಳ ಪಟ್ಟಿ ನೋಡಿ. ಜನವರಿಯಲ್ಲಿ ಗವಿಮಠದ ಜಾತ್ರೆ ನಡೆವಾಗ ಕೊಪ್ಪಳದ ಗುಡ್ಡಗಳಲ್ಲಿ, ಡಿಸೆಂಬರ್‌ನಲ್ಲಿ ಹನುಮಮಾಲೆಯ ಹೊತ್ತಿಗೆ ಅಂಜನಾದ್ರಿಯ ಸುತ್ತ ಮುದ್ರಣ ಆಗದ ಮಾತು.

ಅನುಮತಿ ಎಂದರೆ ಬರೀ ಅರಣ್ಯ ಇಲಾಖೆಯದಲ್ಲ. ರಾತ್ರಿ ಟಾರ್ಚ್ ಹಿಡಿದು ಬಂಡೆ ಸಂದಿಯಲ್ಲಿ ಓಡಾಡುವವರನ್ನು ಆನೆಗೊಂದಿಯ ಕಡೆ ನಿಧಿಗಳ್ಳರೆಂದೇ ತಿಳಿಯುತ್ತಾರೆ, ತಿಳಿಯಲು ಕಾರಣವೂ ಇದೆ. ಪೊಲೀಸ್ ಠಾಣೆಗೆ, ಗ್ರಾಮ ಪಂಚಾಯಿತಿಗೆ ತಾರೀಖು ಮತ್ತು ಹೆಸರುಗಳಿರುವ ಪತ್ರ ಕೊಟ್ಟು, ಸಹಿ ಹಾಕಿಸಿಕೊಂಡ ಪ್ರತಿಯನ್ನು ಜೇಬಿನಲ್ಲಿಡಿ. ಒಬ್ಬರೇ ಹೋಗಬೇಡಿ. ಗೂಬೆ ಕೂಗುವ ಹೊತ್ತೇ ಚಿರತೆ, ಕರಡಿ ಇಳಿಯುವ ಹೊತ್ತು. ಮೈಕಿನವರು ಹೆಡ್‌ಫೋನ್ ಹಾಕಿಕೊಂಡಿರುತ್ತಾರೆ, ಅವರಿಗೆ ಹಿಂದಿನ ಸಪ್ಪಳ ಕೇಳದು. ಎರಡನೆಯವರ ಕೆಲಸ ಬೆನ್ನು ಕಾಯುವುದು.

ಸಲಕರಣೆ

ಕೈಯಲ್ಲಿ ಹಿಡಿಯುವ ರೆಕಾರ್ಡರ್, ಒಂದು ಶಾಟ್‌ಗನ್ ಮೈಕ್ (ತಿರುಗಿಸಿದ ದಿಕ್ಕಿನ ದನಿಯನ್ನೇ ಹೆಚ್ಚಾಗಿ ಹಿಡಿಯುವಂಥದು), ಅದಕ್ಕೆ ತುಪ್ಪಳದ ಗಾಳಿಕವಚ, ಟ್ರೈಪಾಡ್, ಹೆಡ್‌ಫೋನ್, ದಿಕ್ಸೂಚಿ. ಹಕ್ಕಿ ದನಿ ಎಂದಕೂಡಲೇ ಬೋಗುಣಿಯಾಕಾರದ ಪ್ಯಾರಾಬೋಲಾ ಕೊಳ್ಳುವವರಿದ್ದಾರೆ. ಗೂಬೆಗೆ ಅದು ದಂಡ. 400 ಹರ್ಟ್ಸ್ ದನಿಯ ತರಂಗದ ಉದ್ದ ಸುಮಾರು 85 ಸೆಂಟಿಮೀಟರ್. 50–60 ಸೆಂಟಿಮೀಟರಿನ ಬೋಗುಣಿ ಅದನ್ನು ಒಂದು ಕಡೆ ಕೂಡಿಸಲಾರದು, ಜೀರುಂಡೆಯ ದನಿಯನ್ನು ಮಾತ್ರ ಹಿಗ್ಗಿಸಿ ಕೊಡುತ್ತದೆ.

ರೆಕಾರ್ಡರಿನ ಹೊಂದಿಕೆ ಹೀಗಿರಲಿ: ವೇವ್ ಫೈಲ್, ಮೋನೊ, 48 ಕಿಲೋಹರ್ಟ್ಸ್, 24 ಬಿಟ್. ಗಂಟೆಗೆ ಸುಮಾರು 518 ಎಂಬಿ ಆಗುತ್ತದೆ. ದನಿಮಟ್ಟ ತಾನೇ ಹೊಂದಿಸಿಕೊಳ್ಳುವ ಸೌಲಭ್ಯವನ್ನು ಆಫ್ ಮಾಡಿ, ಕೈಯಿಂದಲೇ ಹೊಂದಿಸಿ, ಜೋರಾದ ಕೂಗು –12 ಡೆಸಿಬೆಲ್ ಆಸುಪಾಸಿನಲ್ಲಿ ಇರಲಿ. ‘ಲೋ ಕಟ್’ ಎಂಬ ಗುಂಡಿಯನ್ನು ತಪ್ಪದೆ ನೋಡಿ: 80 ಹರ್ಟ್ಸ್‌ಗೆ ಇಟ್ಟರೆ ಗಾಳಿಯ ಗುಮ್ಮನೆ ಸದ್ದು ಹೋಗುತ್ತದೆ, ಕೂಗು ಉಳಿಯುತ್ತದೆ. 200 ದಾಟಿಸಿದರೆ ಕೂಗಿನ ತಳವನ್ನೇ ತಿಂದುಹಾಕುತ್ತದೆ. ಆ ಮೇಲೆ ಕಂಪ್ಯೂಟರಿನಲ್ಲಿ ಏನು ಮಾಡಿದರೂ ಅದು ಬಾರದು.

ಮೊಬೈಲಿನಲ್ಲಿ ಮುದ್ರಿಸಿದ್ದು ‘ಇಲ್ಲಿ ಗೂಬೆ ಇದೆ’ ಎನ್ನಲು ಸಾಕು, ಯಾವ ಗೂಬೆ ಎನ್ನಲು ಸಾಲದು. ಫೋನು ಗದ್ದಲ ಕಡಿಮೆ ಮಾಡಲು ಹೋಗಿ ಕೂಗಿನ ತುದಿಗಳನ್ನು ಸವೆಸುತ್ತದೆ. ಅದನ್ನು ವಾಟ್ಸ್ಆ್ಯಪ್ ದನಿ ಸಂದೇಶವಾಗಿ ಕಳಿಸಿದರಂತೂ ಅಳೆಯಲು ಏನೂ ಉಳಿದಿರುವುದಿಲ್ಲ.

ಮನುಷ್ಯರು ಹೋಗಲಾಗದ ರಾತ್ರಿಗಳಿಗೆ ಆಡಿಯೋಮಾತ್‌ನಂಥ ಪುಟ್ಟ ಸ್ವಯಂಚಾಲಿತ ರೆಕಾರ್ಡರ್ ಇಡಬಹುದು. ಗೂಬೆಗೆ 8 ಕಿಲೋಹರ್ಟ್ಸ್ ಸಾಕು, ಗಂಟೆಗೆ 58 ಎಂಬಿ ಮಾತ್ರ. ಸಂಜೆ 5:30ರಿಂದ 8ರವರೆಗೆ, ಬೆಳಗ್ಗೆ 4:30ರಿಂದ 6:30ರವರೆಗೆ ಇಟ್ಟರೆ ರಾತ್ರಿಗೆ ಸುಮಾರು 260 ಎಂಬಿ. 32 ಜಿಬಿ ಕಾರ್ಡು ನೂರು ರಾತ್ರಿ ದಾಟಿದರೂ ತುಂಬುವುದಿಲ್ಲ, ಮೊದಲು ಮುಗಿಯುವುದು ಬ್ಯಾಟರಿ. ಇದರ ಮೈಕ್ ಎಲ್ಲ ದಿಕ್ಕಿನ ದನಿಯನ್ನೂ ಸಮನಾಗಿ ಹಿಡಿಯುತ್ತದೆ. ಹಾಗಾಗಿ ಯಾವ ರಾತ್ರಿ, ಎಷ್ಟು ಹೊತ್ತಿಗೆ ಕೂಗಿತು ಎಂಬುದಕ್ಕೆ ಇದನ್ನು ನಂಬಿ. ಗುರುತಿಸಲು ಬೇಕಾದ ಅಳತೆಗೆ ಶಾಟ್‌ಗನ್ ಮೈಕಿನ ಮುದ್ರಣವೇ ಬೇಕು. ಎರಡರ ಅಳತೆಯನ್ನು ಒಂದೇ ಪಟ್ಟಿಯಲ್ಲಿ ಕಲಸಬೇಡಿ.

ಪ್ರತಿಧ್ವನಿ ಎಂಬ ಕಳ್ಳ

ಬಯಲು ಸೀಮೆಯಲ್ಲಿ ಬರೆದ ವಿಧಾನಗಳು ನಮ್ಮ ಗುಡ್ಡಗಳಲ್ಲಿ ಮುಗ್ಗರಿಸುವುದು ಇಲ್ಲಿ. ಗೂಬೆಯ ದನಿ ನೇರವಾಗಿ ಮೈಕಿಗೆ ಬರುತ್ತದೆ. ಪಕ್ಕದ ಬಂಡೆಗೆ ಬಡಿದು ಬರುವುದು ಸುತ್ತುದಾರಿಯಲ್ಲಿ ಬರುತ್ತದೆ. ಆ ಸುತ್ತು 100 ಮೀಟರ್ ಹೆಚ್ಚಾದರೆ ಸದ್ದು 0.29 ಸೆಕೆಂಡು ತಡವಾಗುತ್ತದೆ. ಎಳೆದ ಎರಡನೆಯ ಸ್ವರದ ಬಾಲಕ್ಕೆ ಅದು ಸರಿಯಾಗಿ ಅಂಟಿಕೊಳ್ಳುತ್ತದೆ. ಸುತ್ತು 30–35 ಮೀಟರ್ ಇದ್ದರೆ ಇನ್ನೂ ಕೆಟ್ಟದ್ದು: 0.1 ಸೆಕೆಂಡಿನ ತಡ, ಅಂದರೆ ಪ್ರತಿಧ್ವನಿ ಬೇರೆಯಾಗಿ ಕಾಣುವುದೇ ಇಲ್ಲ, ಸ್ವರ ಅಷ್ಟು ಉದ್ದವಾದಂತೆ ತೋರುತ್ತದೆ. ಇದರ ಪರಿಣಾಮವನ್ನು ಯೋಚಿಸಿ. ಒಂದೇ ಗೂಬೆ ಎರಡು ಬಂಡೆಗಳಿಂದ ಕೂಗಿದರೆ ಸ್ವರದ ಉದ್ದ ಎರಡು ಬಗೆ ಬರುತ್ತದೆ, ನೀವು ಎರಡು ಗೂಬೆ ಎಂದು ಬರೆಯುತ್ತೀರಿ. ಅಳೆದದ್ದು ಬಂಡೆಯನ್ನು, ಎಣಿಸಿದ್ದು ಗೂಬೆಯನ್ನು.

ಇದಕ್ಕೆ ಹಗಲಿನ ಪರೀಕ್ಷೆಯೊಂದಿದೆ. ಗೂಬೆ ಕೂರುವ ಬಂಡೆಯ ಬುಡದಲ್ಲಿ ಒಬ್ಬರು ನಿಂತು, ಮೊಳದುದ್ದದ ಎರಡು ಹಲಗೆ ತುಂಡುಗಳನ್ನು ಒಂದಕ್ಕೊಂದು ಐದಾರು ಸಲ ಬಡಿಯಲಿ. ಮೈಕ್ ಇಡಬೇಕೆಂದಿರುವ ಜಾಗದಲ್ಲಿ ಇನ್ನೊಬ್ಬರು ಮುದ್ರಿಸಲಿ. ಕಂಪ್ಯೂಟರಿನಲ್ಲಿ ತೆರೆದರೆ ಪ್ರತಿ ಬಡಿತಕ್ಕೂ ಒಂದು ನೆಟ್ಟನೆಯ ಗೆರೆ ಕಾಣುತ್ತದೆ, ಅದರ ಹಿಂದೆ ಪ್ರತಿಧ್ವನಿಯ ಮಸುಕು ಗೆರೆಗಳು. ಮೊದಲ ಮಸುಕು ಗೆರೆ ಮೂಲಕ್ಕಿಂತ 15 ಡೆಸಿಬೆಲ್‌ನಷ್ಟಾದರೂ ಕೆಳಗಿದ್ದರೆ ಜಾಗ ನಡೆಯುತ್ತದೆ. ಇಲ್ಲದಿದ್ದರೆ ಹತ್ತಿಪ್ಪತ್ತು ಹೆಜ್ಜೆ ಸರಿದು ಮತ್ತೆ ನೋಡಿ. ಸಾಮಾನ್ಯವಾಗಿ ಎರಡು ಗುಡ್ಡಗಳ ನಡುವಿನ ಓಣಿಗಿಂತ ಹೊಲದ ಬದಿಯ ತೆರೆದ ಜಾಗ ಮೇಲು. ಮೊಟ್ಟೆ, ಮರಿ ಇರುವ ಸುಳಿವಿದ್ದಲ್ಲಿ ಈ ಪರೀಕ್ಷೆ ಮಾಡಲೇಬೇಡಿ. ಅಂಥ ಕಡೆ ಮುಂದೆ ಹೇಳುವಂತೆ ಉದ್ದದ ಅಳತೆಗಳನ್ನೇ ಕೈಬಿಟ್ಟರೆ ಆಯಿತು.

ಗದ್ದಲದ ವಿಷಯದಲ್ಲೂ ಕಿವಿ ಮೋಸ ಹೋಗುತ್ತದೆ. ಕಾಲುವೆ ನೀರು ಬಿಟ್ಟಾಗ ಗಂಗಾವತಿಯ ಗದ್ದೆಗಳಲ್ಲಿ ಕಪ್ಪೆ, ಜೀರುಂಡೆಗಳ ಗೌಜು ಕಿವಿ ಕಿತ್ತು ಹೋಗುವಷ್ಟಿರುತ್ತದೆ. ಆದರೆ ಅವುಗಳ ದನಿ ಬಹುಪಾಲು ಗೂಬೆಯ ಕೂಗಿಗಿಂತ ಬಹಳ ಮೇಲಿನ ಆವೃತ್ತಿಯದು, ಸೋಸಿ ತೆಗೆಯಬಹುದು. ನಿಜವಾದ ತೊಂದರೆ ದೂರದ ಡೀಸೆಲ್ ಎಂಜಿನ್, ಅದಿರಿನ ಲಾರಿ, ರೈಸ್‌ಮಿಲ್, ಹೊಲದ ಟ್ರಾನ್ಸ್‌ಫಾರ್ಮರ್. ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ 100, 200, 300, 400 ಹರ್ಟ್ಸ್‌ಗಳಲ್ಲಿ ನೇರ ಅಡ್ಡಗೆರೆಗಳಾಗಿ ಕೂರುತ್ತದೆ. ಕೂಗಿನ ಮುಖ್ಯ ಆವೃತ್ತಿ ಪ್ರತಿ ಸಲವೂ ಸರಿಯಾಗಿ 400 ಎಂದೇ ಬರುತ್ತಿದ್ದರೆ ಖುಷಿಪಡಬೇಡಿ, ನೀವು ಕರೆಂಟಿನ ಶ್ರುತಿಯನ್ನು ಅಳೆಯುತ್ತಿದ್ದೀರಿ.

ಸಂಜೆಯ ಕೆಲಸ

1. ಸೂರ್ಯಾಸ್ತಕ್ಕೆ 45 ನಿಮಿಷ ಮುಂಚೆ ಜಾಗ ಸೇರಿ. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು 6ರ ಆಸುಪಾಸು. ಗೂಬೆ ಕೂಗಲು ಶುರು ಮಾಡುವುದು ಮುಸ್ಸಂಜೆಗೆ, ನಿಮ್ಮ ಕಾಲಸಪ್ಪಳ ಅದಕ್ಕೆ ಮುಂಚೆ ಅಡಗಿರಬೇಕು.

2. ಎಲ್ಲ ತಂಡಗಳೂ ಗಡಿಯಾರವನ್ನು ಫೋನಿನ ಸಮಯಕ್ಕೆ ಸೆಕೆಂಡಿನ ಮಟ್ಟಿಗೆ ಹೊಂದಿಸಿಕೊಳ್ಳಿ. ಮುದ್ರಣದ ಮೊದಲಿಗೆ ತಾರೀಖು, ಸಮಯ, ಗುಡ್ಡದ ಸಂಖ್ಯೆ, ಗಾಳಿ, ಮೈಕಿನ ದಿಕ್ಕು ಇವನ್ನು ಬಾಯಲ್ಲಿ ಹೇಳಿ. ನೋಟ್‌ಪುಸ್ತಕ ಕಳೆದರೂ ಫೈಲಿನಲ್ಲಿ ಮಾಹಿತಿ ಉಳಿಯುತ್ತದೆ.

3. ಅಕ್ಕಪಕ್ಕದ ಗುಡ್ಡಗಳಿಗೆ ಒಂದೇ ಸಂಜೆ ಒಂದೊಂದು ತಂಡ ಹೋಗಲಿ, ನಡುವೆ 500ರಿಂದ 800 ಮೀಟರ್ ಅಂತರವಿರಲಿ. ಎಲ್ಲ ಕೆಲಸಕ್ಕೂ ಬುನಾದಿ ಇದೇ. ಎರಡು ಕೂಗು ಒಂದೇ ಕ್ಷಣಕ್ಕೆ ಎರಡು ದಿಕ್ಕಿನಿಂದ ಬಂದರೆ ಗೂಬೆ ಎರಡು. ಇದಕ್ಕೆ ಯಾವ ಲೆಕ್ಕಶಾಸ್ತ್ರವೂ ಬೇಡ, ಇದನ್ನು ಯಾವ ಲೆಕ್ಕಶಾಸ್ತ್ರವೂ ಸುಳ್ಳು ಮಾಡಲಾರದು.

4. ಪ್ರತಿ ಕೂಗು ಸರಣಿಗೂ ದಿಕ್ಸೂಚಿಯ ಡಿಗ್ರಿ ಬರೆಯಿರಿ. ಕೈಯಲ್ಲಿ ಹಿಡಿದ ದಿಕ್ಸೂಚಿಯಲ್ಲಿ 5 ಡಿಗ್ರಿ ತಪ್ಪಾಗುವುದು ಸಹಜ. 500 ಮೀಟರ್ ದೂರದಲ್ಲಿ ಅದು 44 ಮೀಟರಿನ ವ್ಯತ್ಯಾಸ. ಹಾಗಾಗಿ ಎರಡು ತಂಡಗಳ ಗೆರೆಗಳು ಸೇರುವ ಜಾಗವನ್ನು ಒಂದು ಬಂಡೆ ಎಂದು ತಿಳಿಯದೆ, ಬಂಡೆಗಳ ಒಂದು ಗುಂಪು ಎಂದು ಗುರುತಿಸಿ.

5. ಗೂಬೆಯಿಂದ 100 ಮೀಟರಿನ ಆಸುಪಾಸಿನಲ್ಲಿ, ಅದರ ಕಡೆ ಮೈಕ್ ತಿರುಗಿಸಿ, ಮುಟ್ಟದೆ ಕೂರಿ. ಒಂದು ಗೂಬೆಗೆ ಒಂದು ಸಂಜೆಯಲ್ಲಿ ಕನಿಷ್ಠ 10 ಸ್ವಚ್ಛ ಕೂಗು ಬೇಕು. 20 ಸಿಕ್ಕರೆ ಒಳ್ಳೆಯದು. ಸೂರ್ಯಾಸ್ತವಾಗಿ ಒಂದು ಗಂಟೆಯ ಮೇಲೆ ಕಾಯುವುದರಲ್ಲಿ ಹೆಚ್ಚು ಲಾಭವಿಲ್ಲ.

6. ಕೂಗು ಕೇಳಿಸಿ ಉತ್ತರ ಕೊಡಿಸುವ ಆಸೆ ಬೇಡ. ಎದುರಾಳಿ ಬಂದನೆಂದು ಗೂಬೆ ಎಲ್ಲೆ ಕಾಯಲು ಹಾರಿ ಬರುತ್ತದೆ, ಮೊಟ್ಟೆ ಮರಿಗಳಿಂದ ಏಳುತ್ತದೆ. ಅಳತೆಗೂ ಅದು ಕೆಡುಕೇ. ಎದುರಾಳಿಯ ದನಿ ಕೇಳಿದಾಗ ಕೂಗಿನ ಶ್ರುತಿಯನ್ನೇ ಇಳಿಸುವುದು ಯುರೋಪಿನ ಸ್ಕಾಪ್ಸ್ ಗೂಬೆಯಲ್ಲಿ ಕಂಡುಬಂದಿದೆ. ತಾನಾಗಿ ಕೂಗಿದ್ದು ಮಾತ್ರ ಲೆಕ್ಕಕ್ಕೆ.

7. ಒಂದೇ ಜಾಗಕ್ಕೆ ಕನಿಷ್ಠ ಮೂರು ಸಂಜೆ ಹೋಗಿ, ನಡುವೆ ಒಂದೊಂದು ವಾರ ಬಿಟ್ಟು. ಮೂರನ್ನೂ ಒಂದೇ ವಾರದಲ್ಲಿ ಮುಗಿಸಿದರೆ ದಿನದಿಂದ ದಿನಕ್ಕೆ ದನಿ ಎಷ್ಟು ಬದಲಾಗುತ್ತದೆ ಎಂಬುದು ತಿಳಿಯುವುದಿಲ್ಲ.

ಕಂಪ್ಯೂಟರಿನ ಮುಂದೆ

ಆಡಾಸಿಟಿ ಉಚಿತ, ಕತ್ತರಿಸಲು ಸಾಕು. ಅಳೆಯಲು ರಾವೆನ್ ತಂತ್ರಾಂಶ, ಇಲ್ಲವೇ ಉಚಿತವಾದ ‘ಆರ್’ ಭಾಷೆಯ ಸೀವೇವ್, ವಾರ್ಬ್‌ಲ್‌ಆರ್ ಪ್ಯಾಕೇಜುಗಳು. ಮೂಲ ಫೈಲನ್ನು ಮುಟ್ಟದೆ ಎರಡು ಕಡೆ ಉಳಿಸಿ, ಪ್ರತಿಯನ್ನು 8000 ಹರ್ಟ್ಸ್‌ಗೆ ಇಳಿಸಿ ಕೆಲಸ ಮಾಡಿ.

ದನಿಯ ಆವೃತ್ತಿ ಕಾಲದೊಂದಿಗೆ ಹೇಗೆ ಬದಲಾಗುತ್ತದೆ ಎಂದು ತೋರಿಸುವ ಚಿತ್ರ ಸ್ಪೆಕ್ಟ್ರೋಗ್ರಾಂ. ಒಂದು ಸಲಕ್ಕೆ ದನಿಯ ಎಷ್ಟು ಉದ್ದದ ತುಂಡನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಹೇಳುವ ಅದರ ‘ವಿಂಡೋ’ ಎಂಬ ಅಂಕಿಯನ್ನು ಬಹಳಷ್ಟು ಜನ ತಂತ್ರಾಂಶ ಕೊಟ್ಟಂತೆಯೇ ಬಿಡುತ್ತಾರೆ. ಗುಬ್ಬಿಗೆ ಹೊಂದುವುದು ಗೂಬೆಗೆ ಹೊಂದುವುದಿಲ್ಲ. 44,100 ಹರ್ಟ್ಸ್ ಫೈಲಿನಲ್ಲಿ ವಿಂಡೋ 512 ಇದ್ದರೆ ಆವೃತ್ತಿಯ ಒಂದು ಮೆಟ್ಟಿಲು 86 ಹರ್ಟ್ಸ್. ನೆರೆಹೊರೆಯ ಎರಡು ಗಂಡುಗಳ ನಡುವಿನ ವ್ಯತ್ಯಾಸ 15–20 ಹರ್ಟ್ಸ್ ಇದ್ದರೆ ಎರಡೂ ಒಂದೇ ಮೆಟ್ಟಿಲಿನಲ್ಲಿ ಬಿದ್ದು ಒಂದೇ ಎನಿಸುತ್ತವೆ. 8000 ಹರ್ಟ್ಸ್ ಫೈಲಿನಲ್ಲಿ ವಿಂಡೋ 1024 ಇಟ್ಟರೆ ಮೆಟ್ಟಿಲು 7.8 ಹರ್ಟ್ಸ್‌ಗೆ ಇಳಿಯುತ್ತದೆ. ಆದರೆ ಆಗ ಕಾಲದ ಅಳತೆ ಮಸುಕಾಗುತ್ತದೆ, ಏಕೆಂದರೆ ಒಂದು ವಿಂಡೋ 128 ಮಿಲಿಸೆಕೆಂಡು ಉದ್ದ. ಆದ್ದರಿಂದ ಎರಡು ಸಲ ತೆರೆಯಿರಿ: ಆವೃತ್ತಿಗೆ 1024, ಕಾಲಕ್ಕೆ 256. ಯಾವುದರಲ್ಲಿ ಯಾವುದನ್ನು ಅಳೆದಿರಿ ಎಂದು ಬರೆದಿಡಿ, ಇಡೀ ಸಮೀಕ್ಷೆಗೆ ಅದನ್ನೇ ಪಾಲಿಸಿ.

ಹಿಗ್ಗಿಸಿ ನೋಡಿದರೆ ಎರಡನೆಯ ಸ್ವರ ತುಸು ಬಾಗಿದ ಪಟ್ಟಿಯಾಗಿ ಕಾಣುತ್ತದೆ: ಕೆಳಗಿನಿಂದ ಏರಿ, ನಡುವೆ ಮಟ್ಟಸವಾಗಿ, ಕೊನೆಗೆ ಇಳಿಯುತ್ತದೆ. ಒಂದು ಗೂಬೆಗೆ ಏರು ಚುರುಕು, ಇನ್ನೊಂದಕ್ಕೆ ನಿಧಾನ. ಒಂದಕ್ಕೆ ಇಳಿತ ಉದ್ದ, ಇನ್ನೊಂದು ಥಟ್ಟನೆ ನಿಲ್ಲುತ್ತದೆ. ಪ್ರತಿಧ್ವನಿ ಇದ್ದರೆ ಅದೇ ಪಟ್ಟಿಯ ಮಸುಕು ನೆರಳು ಬಲಕ್ಕೆ ಸರಿದು ಕೂತಿರುತ್ತದೆ, ಇಳಿಯುವ ತುದಿ ಅದರೊಳಗೆ ಮುಳುಗಿಹೋಗಿರುತ್ತದೆ. ಸ್ವರ ಎಲ್ಲಿ ಮುಗಿಯಿತು ಎಂದು ಕಣ್ಣಂದಾಜಿನಿಂದ ಗೆರೆ ಎಳೆಯುವ ಚಟ ಇಲ್ಲಿಯೇ ಕೈಕೊಡುತ್ತದೆ: ಬೆಳಗ್ಗೆ ಎಳೆದ ಗೆರೆಗೂ ಸಂಜೆ ಎಳೆದದ್ದಕ್ಕೂ ಹೊಂದುವುದಿಲ್ಲ. ದನಿ ತನ್ನ ಶಿಖರಕ್ಕಿಂತ 20 ಡೆಸಿಬೆಲ್ ಇಳಿದಲ್ಲಿ ಸ್ವರ ಮುಗಿಯಿತು ಎಂಬಂಥ ಒಂದು ನಿಯಮ ಇಟ್ಟುಕೊಳ್ಳಿ. ಗದ್ದಲಕ್ಕಿಂತ ಅಷ್ಟು ಮೇಲೆ ಏಳದ ಕೂಗನ್ನು ಬಿಟ್ಟುಬಿಡಿ.

ಅಳೆಯಬೇಕಾದವು: ಎರಡೂ ಸ್ವರಗಳ ಉದ್ದ, ನಡುವಿನ ಬಿಡುವು, ಎರಡೂ ಸ್ವರಗಳ ಮುಖ್ಯ ಆವೃತ್ತಿ (ಅತಿ ಹೆಚ್ಚು ಶಕ್ತಿಯಿರುವ ಜಾಗ), ಎರಡನೆಯ ಸ್ವರದ ಆರಂಭದ ಆವೃತ್ತಿ, ಶಿಖರ ಮುಟ್ಟಲು ಹಿಡಿದ ಕಾಲ. ದನಿ ಎಷ್ಟು ಜೋರು ಎಂಬುದನ್ನು ಸೇರಿಸಬೇಡಿ. ಅದು ದೂರವನ್ನು, ಗೂಬೆ ಮುಖ ತಿರುಗಿಸಿದ ದಿಕ್ಕನ್ನು ಹೇಳುತ್ತದೆ, ಗೂಬೆಯನ್ನಲ್ಲ.

ಮೊಬೈಲಿನ ಮರ್ಲಿನ್, ಬರ್ಡ್‌ನೆಟ್ ಇವು ಜಾತಿಯನ್ನು ಹೇಳುತ್ತವೆ, ಆ ಜಾತಿಯ ಯಾವ ಹಕ್ಕಿ ಎಂಬುದನ್ನು ಹೇಳುವುದಿಲ್ಲ. ನೂರಾರು ಗಂಟೆಯ ಮುದ್ರಣದಲ್ಲಿ ಕೂಗು ಎಲ್ಲಿದೆ ಎಂದು ಹುಡುಕಲು ಬರ್ಡ್‌ನೆಟ್ ಕೆಲಸಕ್ಕೆ ಬರುತ್ತದೆ. ಸಿಕ್ಕಿದ್ದನ್ನೆಲ್ಲ ಕಿವಿಯಿಂದ ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಳ್ಳಲೇಬೇಕು.

ಯಾವ ಅಳತೆ ಉಳಿಸಿಕೊಳ್ಳುವುದು

ಅಳತೆಯೊಂದು ಗುರುತಿಗೆ ಬರುತ್ತದೋ ಇಲ್ಲವೋ ಎಂದು ನೋಡಲು ಸರಳ ಲೆಕ್ಕವಿದೆ. ಮಾನಕ ವಿಚಲನೆಯನ್ನು (ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಲೆಕ್ಕ) ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಶೇಕಡಾವಾರಿಗೆ ಸಿವಿ ಎನ್ನುತ್ತಾರೆ. ಎಲ್ಲ ಗೂಬೆಗಳ ಕೂಗುಗಳನ್ನು ಒಟ್ಟು ಹಾಕಿದಾಗಿನ ಸಿವಿಯನ್ನು, ಒಂದೊಂದೇ ಗೂಬೆಯೊಳಗಿನ ಸಿವಿಗಳ ಸರಾಸರಿಯಿಂದ ಭಾಗಿಸಿ. ಉತ್ತರ 1ಕ್ಕಿಂತ ಎಷ್ಟು ಹೆಚ್ಚೋ ಅಷ್ಟು ಒಳ್ಳೆಯ ಅಳತೆ. ತಿಳಿಯಲೆಂದು ಒಂದು ಕಾಲ್ಪನಿಕ ಉದಾಹರಣೆ: ಮುಖ್ಯ ಆವೃತ್ತಿಯಲ್ಲಿ ಒಟ್ಟು ಸಿವಿ 5, ಗೂಬೆಯೊಳಗಿನದು 1 ಆದರೆ ಉತ್ತರ 5, ಇಟ್ಟುಕೊಳ್ಳಿ. ಒಂದು ಕೂಗಿಗೂ ಮುಂದಿನ ಕೂಗಿಗೂ ನಡುವಿನ ಸಮಯದಲ್ಲಿ ಒಟ್ಟು 38, ಒಳಗಿನದು 35 ಆದರೆ ಉತ್ತರ 1.09, ಬಿಸಾಡಿ. ಎಷ್ಟು ಬೇಗ ಬೇಗ ಕೂಗುತ್ತದೆ ಎಂಬುದು ಆ ಹೊತ್ತಿನ ಉಮೇದಿಗೆ ಸೇರಿದ್ದು.

ಇದನ್ನು ಮೊದಲು ಒಂದೇ ಸಂಜೆಯ ಕೂಗುಗಳಲ್ಲಿ, ಆಮೇಲೆ ಮೂರೂ ಸಂಜೆ ಸೇರಿಸಿ ಮಾಡಿ. ಸ್ವರದ ಉದ್ದ ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಸೋತರೆ ಪ್ರತಿಧ್ವನಿಯ ಮೇಲೆ ಅನುಮಾನ ಪಡಿ. ಬಂಡೆ ಸಂದಿಯ ಜಾಗಗಳಲ್ಲಿ ಆವೃತ್ತಿಯ ಅಳತೆಗಳೇ ಉಳಿಯುತ್ತವೆ. ಒಂದು ಗೂಬೆಗೆ 10 ಕೂಗು ಇರುವಾಗ 4–5 ಅಳತೆಗಿಂತ ಹೆಚ್ಚು ಹಿಡಿಯಬೇಡಿ. ಅಳತೆ ಹೆಚ್ಚಿಸಿದಷ್ಟೂ ಫಲಿತಾಂಶ ಚೆಂದ ಕಾಣುತ್ತದೆ, ಹೊಸ ಕೂಗು ಬಂದಕೂಡಲೇ ಕುಸಿಯುತ್ತದೆ.

ಅದೇ ಗೂಬೆಯೋ ಅಲ್ಲವೋ

ಬೇರ್ಪಡಿಸಲು ಎಲ್ಲರೂ ಬಳಸುವುದು ರೇಖೀಯ ವಿವೇಚಕ ವಿಶ್ಲೇಷಣೆ: ಗೊತ್ತಿರುವ ಗೂಬೆಗಳ ಅಳತೆಗಳಿಂದ ಕಲಿತು, ಹೊಸ ಕೂಗು ಯಾವ ಗೂಬೆಯದೆಂದು ಹೇಳುವ ಲೆಕ್ಕ. ಇದು ‘ಆರ್’ನ ಮಾಸ್ ಪ್ಯಾಕೇಜಿನಲ್ಲಿದೆ. ಪರೀಕ್ಷೆಯನ್ನು ಹೇಗೆ ಮಾಡುತ್ತೀರಿ ಎಂಬುದರಲ್ಲಿ ಗುಟ್ಟಿದೆ. ಮೂರು ಸಂಜೆಯ ಕೂಗುಗಳನ್ನು ಕಲಸಿ, ಒಂದೊಂದನ್ನು ಹೊರಗಿಟ್ಟು ಪರೀಕ್ಷಿಸಿದರೆ ನೂರಕ್ಕೆ ತೊಂಬತ್ತು ದಾಟುವುದು ಕಷ್ಟವಲ್ಲ, ಏಕೆಂದರೆ ಅದೇ ಸಂಜೆಯ, ಅದೇ ಬಂಡೆಯ, ಅದೇ ಗಾಳಿಯ ಇತರ ಕೂಗುಗಳು ಒಳಗೇ ಇರುತ್ತವೆ. ಮೊದಲೆರಡು ಸಂಜೆಗಳಿಂದ ಕಲಿಸಿ, ಮೂರನೆಯ ಸಂಜೆಯನ್ನು ಪೂರ್ತಿ ಹೊರಗಿಟ್ಟು ಪರೀಕ್ಷಿಸಿ. ಆಗ ಬರುವ ಅಂಕಿ ಮಾತ್ರ ನಿಮ್ಮದು. ಆರು ಗೂಬೆಗಳಿದ್ದರೆ ಕಣ್ಣು ಮುಚ್ಚಿ ಹೇಳಿದರೂ ಸುಮಾರು ಶೇಕಡಾ 17 ಸರಿಯಾಗುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ.

ಇನ್ನೊಂದು ತೊಡಕು: ಈ ವಿಶ್ಲೇಷಣೆಗೆ ‘ಗೊತ್ತಿಲ್ಲ’ ಎನ್ನಲು ಬರುವುದಿಲ್ಲ. ಏಳನೆಯ ಹೊಸ ಗೂಬೆ ಬಂದರೂ ಆರರಲ್ಲಿ ಒಂದರ ಹೆಸರಿಟ್ಟು ಕಳಿಸುತ್ತದೆ. ಸಮೀಕ್ಷೆಯಲ್ಲಿ ನಮಗೆ ಬೇಕಿರುವುದೇ ಆ ಏಳನೆಯದು. ಅದಕ್ಕೆ ಮಹಾಲನೋಬಿಸ್ ಅಂತರ ಬಳಸಿ: ಹಲವು ಅಳತೆಗಳನ್ನು ಒಟ್ಟಿಗೆ ಹಿಡಿದು ಒಂದು ಇನ್ನೊಂದರಿಂದ ಎಷ್ಟು ದೂರ ಎಂದು ಹೇಳುವ ಒಂದೇ ಅಂಕಿ ಅದು. ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಾಲನೋಬಿಸ್ 1936ರಲ್ಲಿ ಕೊಟ್ಟ ಈ ಅಳತೆ, ಮನುಷ್ಯರ ಮೈಯಳತೆಗಳನ್ನು ಹೋಲಿಸುವ ಕೆಲಸದಿಂದ ಹುಟ್ಟಿದ್ದು, ಗೂಬೆಗೂ ಅಷ್ಟೇ ಚೆನ್ನಾಗಿ ಹೊಂದುತ್ತದೆ. ಎರಡು ಪಟ್ಟಿ ಮಾಡಿ: ಒಂದೇ ಗೂಬೆಯ ಬೇರೆ ಬೇರೆ ಸಂಜೆಗಳ ನಡುವಿನ ಅಂತರಗಳು, ಒಂದೇ ಕ್ಷಣ ಕೂಗಿ ಬೇರೆ ಎಂದು ಸಾಬೀತಾದ ಗೂಬೆಗಳ ನಡುವಿನ ಅಂತರಗಳು. ಎರಡು ಪಟ್ಟಿ ಒಂದನ್ನೊಂದು ಮುಟ್ಟದಿದ್ದರೆ ನಡುವೆ ಗಡಿ ಎಳೆಯಿರಿ. ಮುಟ್ಟಿದರೆ ಆ ನಡುವಿನ ಪ್ರದೇಶಕ್ಕೆ ಬಿದ್ದ ಕೂಗುಗಳನ್ನು ‘ನಿರ್ಧರಿಸಲಾಗದು’ ಎಂದು ಬರೆಯಿರಿ. ಆ ಕಾಲಂ ಇಲ್ಲದ ವರದಿಯನ್ನು ನಂಬಬಾರದು.

‘ಒಂದೇ ಗೂಬೆ’ ಎಂಬುದನ್ನು ತಿಳಿಯುವುದು ಹೇಗೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕಾಲಿಗೆ ಉಂಗುರ ಹಾಕದ ಹಕ್ಕಿಯಲ್ಲಿ ಖಚಿತವಾದದ್ದು ಒಂದೇ ಸಂಜೆಯ, ಬಿಡುವಿಲ್ಲದೆ ಕಣ್ಣಿಗೋ ಕಿವಿಗೋ ಸಿಕ್ಕ ಸರಣಿ ಮಾತ್ರ. ಅದೇ ಋತುವಿನಲ್ಲಿ, ಅದೇ ಗುಡ್ಡದಲ್ಲಿ, ಜೋಡಿ ನೆಲೆ ನಿಂತಿರುವಾಗ ಕೂಗುವ ಗಂಡು ಅದೇ ಎನ್ನುವುದು ಒಪ್ಪಬಹುದಾದ ಊಹೆ. ಮುಂದಿನ ವರ್ಷಕ್ಕೆ ಅದನ್ನು ಎಳೆಯಬೇಡಿ. ಗಂಡು ಸತ್ತು ಹೊಸದು ಅದೇ ಬಂಡೆಗೆ ಬಂದು ಕೂತಿರಬಹುದು. ದನಿಯ ಗುರುತು ನಿಜವಾಗಿ ಬೆಲೆ ಬಾಳುವುದು ಅಲ್ಲಿಯೇ: ಗುಡ್ಡ ಖಾಲಿಯಾಗಿಲ್ಲ, ಆದರೆ ಒಡೆಯ ಬದಲಾಗಿದ್ದಾನೆ ಎಂಬುದು ಬರೀ ಎಣಿಕೆಯಲ್ಲಿ ಎಂದೂ ಗೊತ್ತಾಗದು.

ಲೆಕ್ಕ ಬರೆಯುವುದು, ಬಚ್ಚಿಡುವುದು

ಒಂದೇ ಅಂಕಿ ಬರೆಯಬೇಡಿ. ಒಂದೇ ಕ್ಷಣ ಕೂಗಿ ಸಾಬೀತಾದವು ಕನಿಷ್ಠ. ದನಿಯ ಅಂತರದಿಂದ ಬೇರೆ ಎಂದು ತೋರಿದವನ್ನೂ ಸೇರಿಸಿದರೆ ಗರಿಷ್ಠ. ‘ಕೂಗುವ ಗಂಡುಗಳು: ಕನಿಷ್ಠ 7, ಗರಿಷ್ಠ 9’ ಎಂಬ ರೀತಿ. ಇದು ಒಟ್ಟು ಗೂಬೆಗಳ ಸಂಖ್ಯೆಯಲ್ಲ. ಹೆಣ್ಣುಗಳು, ಎಲ್ಲೆ ಸಿಗದೆ ಸುಮ್ಮನೆ ಅಲೆಯುವ ಎಳೆಯವು ಇದರಲ್ಲಿಲ್ಲ. ಎರಡರಿಂದ ಗುಣಿಸಿ ‘ಜನಸಂಖ್ಯೆ’ ಮಾಡುವವರನ್ನು ತಡೆಯಿರಿ.

ಕೂಗದ ಗುಡ್ಡ ಖಾಲಿ ಗುಡ್ಡವಲ್ಲ. ಒಂದು ಸಂಜೆ ಗೂಬೆ ಕೇಳಿಸುವ ಸಾಧ್ಯತೆ ಅರ್ಧದಷ್ಟು ಎಂದುಕೊಂಡರೆ, ಮೂರು ಸಂಜೆ ಹೋದ ಮೇಲೂ ಇರುವ ಗೂಬೆಗಳಲ್ಲಿ ಎಂಟಕ್ಕೆ ಒಂದು ತಪ್ಪಿಹೋಗಿರುತ್ತದೆ. ಸದ್ದಿಲ್ಲದ ಸಂಜೆಗಳನ್ನೂ ತಾರೀಖಿನೊಂದಿಗೆ ಪಟ್ಟಿಯಲ್ಲಿ ಇಡಿ. ಆ ಸಾಧ್ಯತೆಯನ್ನು ಲೆಕ್ಕ ಹಾಕುವುದು ಅವುಗಳಿಂದಲೇ.

ಪ್ರತಿ ಗೂಬೆಗೂ ‘ಕೊ-3’, ‘ರಾ-5’ ಎಂಬಂಥ ಸಂಕೇತ ಕೊಡಿ. ಸಂಕೇತವನ್ನು ಬಂಡೆಗೆ ಜೋಡಿಸುವ ಪಟ್ಟಿ ಒಂದೇ ಕಡೆ, ಪಾಸ್‌ವರ್ಡ್ ಹಾಕಿದ ಫೈಲಿನಲ್ಲಿ ಇರಲಿ. ಕೊಂಬಿನ ಗೂಬೆಯನ್ನು ಮಾಟಮಂತ್ರಕ್ಕೆಂದು ಹಿಡಿದು ಮಾರುವವರಿದ್ದಾರೆ, ದೀಪಾವಳಿಯ ಮುಂಚೆ ಆ ವ್ಯಾಪಾರ ಏರುತ್ತದೆ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮುದ್ರಣಗಳನ್ನು ಹಂಚಿಕೊಳ್ಳುವಾಗ ಜಾಗವನ್ನು ತಾಲ್ಲೂಕಿನ ಮಟ್ಟಕ್ಕೆ ನಿಲ್ಲಿಸಿ. ಫೈಲಿನ ಆರಂಭದಲ್ಲಿ ಬಾಯಲ್ಲಿ ಹೇಳಿದ ಗುಡ್ಡದ ಸಂಖ್ಯೆ, ಊರಿನ ಹೆಸರನ್ನು ಪ್ರತಿಯಿಂದ ಕತ್ತರಿಸಿ ತೆಗೆಯಿರಿ. ಫೋಟೋ ಹಾಕುವುದಾದರೆ ಹಿನ್ನೆಲೆಯ ಬಂಡೆಗಳನ್ನು ನೋಡಿ: ಈ ಸೀಮೆಯಲ್ಲಿ ಒಂದೊಂದು ಬಂಡೆಗೂ ಒಂದೊಂದು ಆಕಾರ, ಊರವರಿಗೆ ಒಂದು ನೋಟಕ್ಕೇ ಜಾಗ ಗೊತ್ತಾಗುತ್ತದೆ.